ಕಡಲಿಗಿಳಿದ ಕಾವೇರಿ: ಒಂದು ಯುದ್ಧನೌಕೆಯ ಸೇವಾ ಪುಸ್ತಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಶ್ರೀರಂಗಪಟ್ಟಣದ ಕೋಟೆ, ಮೇಲುಕೋಟೆಯ ಕಲ್ಯಾಣಿ, ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ, ನಾಗಮಂಗಲದ ಸೌಮ್ಯಕೇಶವ ದೇವಾಲಯ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಹಲವರಿದ್ದಾರೆ. ಆದ್ದರಿಂದ ಅವನ್ನು ಅವರಿಗೇ ಬಿಟ್ಟು, ನಾನು ಬೇರೆಯದೊಂದನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ಜಿಲ್ಲೆಯ ನೆಲವನ್ನು ಒಮ್ಮೆಯೂ ಕಾಣದ, ಆದರೆ ನಮ್ಮ ಹೊಳೆಯ ಹೆಸರನ್ನು 30 ವರ್ಷಕ್ಕೂ ಹೆಚ್ಚು ಕಾಲ ಹೊತ್ತು ಕಡಲಲ್ಲಿ ತಿರುಗಿದ ಒಂದು ಯುದ್ಧನೌಕೆ. ಅದರ ಹೆಸರು ಐ.ಎನ್.ಎಸ್. ಕಾವೇರಿ.

ಈ ಸಂಚಿಕೆಯನ್ನು ಓದುವವರಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕಿನವರಿದ್ದೀರಿ. ಕಾವೇರಿ ಎಂಬ ಹೆಸರಿನಲ್ಲಿ ನಾಲ್ಕೂ ತಾಲ್ಲೂಕಿಗೆ ಪಾಲಿದೆ. ಕೆ.ಆರ್. ಪೇಟೆಯ ಕಡೆಯಿಂದ ಹೇಮಾವತಿ ಬಂದು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟುವ ಲೋಕಪಾವನಿ ಪಾಂಡವಪುರದ ಸೀಮೆಯನ್ನು ಹಾದು ಕರಿಘಟ್ಟದ ಬಳಿ ಕಾವೇರಿಗೆ ಸೇರುತ್ತದೆ. ಶ್ರೀರಂಗಪಟ್ಟಣವಂತೂ ಕಾವೇರಿ ಕವಲೊಡೆದು ಮತ್ತೆ ಕೂಡುವ ನಡುಗಡ್ಡೆ. ಹೀಗಿದ್ದೂ ನೀರಿನ ಮೇಲಿನ ವಾಹನ ಎಂದರೆ ನಮ್ಮ ಹಿರಿಯರಿಗೆ ಹರಿಗೋಲು ಮತ್ತು ತೆಪ್ಪ. ಕಡಲು ಇಲ್ಲಿಂದ ಘಟ್ಟದಾಚೆ ದೂರದಲ್ಲಿದೆ. ಹಡಗಿನ ಚರಿತ್ರೆಗೂ ನಮಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ. ಆ ಸಂಬಂಧ ನಾವು ಎಣಿಸಿದ್ದಕ್ಕಿಂತ ಹಳೆಯದು. ಮೊದಲು ಅದನ್ನು ಹೇಳಿ, ಆಮೇಲೆ ಹಡಗಿಗೆ ಬರುತ್ತೇನೆ.

ಪಟ್ಟಣದಿಂದ ಹೊರಟ ಹುಕುಂ

ಹೈದರಾಲಿಯ ಕಾಲದಲ್ಲಿ ಮೈಸೂರಿಗೆ ಮಂಗಳೂರಿನಲ್ಲಿ ಹಡಗುಗಳಿದ್ದವು. 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಮೇಲೆರಗಿ ಅವುಗಳನ್ನು ನಾಶಪಡಿಸಿದ. ನೆಲದ ಮೇಲೆ ಎಷ್ಟೇ ಗೆದ್ದರೂ ಕಡಲ ಕಡೆಯ ಬಾಗಿಲು ತೆರೆದಿದ್ದರೆ ಉಳಿಗಾಲವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ. 1792ರ ಒಪ್ಪಂದದಲ್ಲಿ ಮಲಬಾರಿನ ಕರಾವಳಿಯೂ ಟಿಪ್ಪುವಿನ ಕೈಬಿಟ್ಟಿತು.

1796ರಲ್ಲಿ ಟಿಪ್ಪು ಸುಲ್ತಾನ್ ನೌಕಾಪಡೆಗಾಗಿ ಒಂದು ಸವಿಸ್ತಾರವಾದ ಹುಕುಂ ಹೊರಡಿಸಿದ. ಅದರಂತೆ 40 ಯುದ್ಧನೌಕೆಗಳು ಸಿದ್ಧವಾಗಬೇಕಿತ್ತು: 20 ದೊಡ್ಡ ರಣನೌಕೆಗಳು, 20 ಫ್ರಿಗೇಟುಗಳು. ಮಂಗಳೂರು, ಮಿರ್ಜಾನ್ ಮತ್ತು ಸದಾಶಿವಗಡದ ಕಡೆ ಹಡಗು ಕಟ್ಟುವ ಕಟ್ಟೆಗಳು ಗೊತ್ತಾಗಿದ್ದವು. ಅಧಿಕಾರಿಗಳು ಯಾರು, ಅವರ ಕೆಲಸವೇನು ಎಂಬುದನ್ನೂ ಆ ಹುಕುಂ ವಿವರಿಸಿತ್ತು. ಫ್ರಿಗೇಟ್ ಎಂದರೆ ಆ ಕಾಲಕ್ಕೆ ದೊಡ್ಡ ರಣನೌಕೆಗಿಂತ ಚಿಕ್ಕದಾದ, ವೇಗವಾಗಿ ಓಡುವ, ಕಾವಲಿಗೂ ಬೆನ್ನಟ್ಟುವುದಕ್ಕೂ ಒದಗುವ ಹಡಗು.

ಆ ಯೋಜನೆ ಕೈಗೂಡಲು ಕಾಲ ಸಾಕಾಗಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಆಮೇಲಿನ ಹಂಚಿಕೆಯಲ್ಲಿ ಮೈಸೂರು ಸಂಸ್ಥಾನ ಒಡೆಯರ ವಂಶಕ್ಕೆ ಮರಳಿತು. ಆದರೆ ಕೆನರಾ ಕರಾವಳಿಯನ್ನು ಕಂಪನಿ ತಾನೇ ಇಟ್ಟುಕೊಂಡಿತು. ಅಂದಿನಿಂದ ಮೈಸೂರು ಕಡಲಿಲ್ಲದ ಸೀಮೆಯಾಯಿತು. ಮತ್ತೆ ಅದಕ್ಕೆ ಕಡಲು ದೊರೆತದ್ದು 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡ ಹೊಸ ಮೈಸೂರು ರಾಜ್ಯಕ್ಕೆ ಸೇರಿದಾಗ. ನಡುವೆ 157 ವರ್ಷ. ನಾನು ಹೇಳಹೊರಟಿರುವ ಹಡಗು ಹುಟ್ಟಿದ್ದು ಈ ಕಡಲಿಲ್ಲದ ಕಾಲದಲ್ಲಿ.

ಸೇವೆಗೆ ಸೇರಿದ ದಿನ

ಸರ್ಕಾರಿ ಶಾಲೆಯ ಮೇಷ್ಟರಿಗೆಲ್ಲ ಒಂದು ಸೇವಾ ಪುಸ್ತಕ ಇರುತ್ತದೆ. ಸೇರಿದ ದಿನಾಂಕ, ವರ್ಗಾವಣೆ, ಬಡ್ತಿ, ನಿವೃತ್ತಿ ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಯುದ್ಧನೌಕೆಗೂ ಹಾಗೆಯೇ. ಕಾವೇರಿಯ ಸೇವಾ ಪುಸ್ತಕದ ಮೊದಲ ಪುಟ ತೆರೆಯುವುದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಕ್ಲೈಡ್ ಹೊಳೆಯ ದಂಡೆಯಲ್ಲಿ. ಅಲ್ಲಿನ ಯಾರೋ ಕಂಪನಿಯ ಸ್ಕಾಟ್ಸ್‌ಟನ್ ಕಟ್ಟೆಯಲ್ಲಿ 1942ರ ಅಕ್ಟೋಬರಿನಲ್ಲಿ ಅದರ ಅಡಿಗಟ್ಟು ಇಟ್ಟರು. 1943ರ ಜೂನ್ 15ರಂದು ನೀರಿಗೆ ಇಳಿಸಿದರು. ಅದೇ ವರ್ಷ ಅಕ್ಟೋಬರ್ 21ರಂದು ಅದು ರಾಯಲ್ ಇಂಡಿಯನ್ ನೇವಿಯ ಸೇವೆಗೆ ಸೇರಿತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಭಾರತದ ನೌಕಾಪಡೆಗೆಂದು ಬ್ರಿಟನ್ನಿನಲ್ಲಿ ಒಂದೇ ಬಗೆಯ ಆರು ಹಡಗುಗಳನ್ನು ಕಟ್ಟಿಸಿದರು. ಆರಕ್ಕೂ ನಮ್ಮ ನದಿಗಳ ಹೆಸರು: ಸಟ್ಲೆಜ್, ಜಮುನಾ, ನರ್ಬದಾ, ಗೋದಾವರಿ, ಕಾವೇರಿ, ಕಿಸ್ತ್ನಾ. ಹೆಸರು ನಮ್ಮವು, ಉಚ್ಚಾರ ಅವರದು. ಕೃಷ್ಣೆ ಕಿಸ್ತ್ನಾ ಆಗಿದ್ದಳು. ನಮ್ಮ ಹೊಳೆಯನ್ನು ದೊರೆಗಳು ತಮ್ಮ ದಫ್ತರಗಳಲ್ಲಿ 'ಕಾವರಿ' ಎಂಬಂತೆ ಬರೆದುಕೊಳ್ಳುತ್ತಿದ್ದರು. ಹಡಗಿನ ಹಿಂಬದಿಯಲ್ಲಿ ಬರೆಸಿದ್ದೂ ಅದೇ ಕಾಗುಣಿತವನ್ನು. ಹೆಸರಿನ ಮುಂದೆ ಎಚ್.ಎಂ.ಐ.ಎಸ್. ಎಂಬ ನಾಲ್ಕಕ್ಷರ ಇತ್ತು. ಅದರ ಅರ್ಥ, ಇದು ಇಂಗ್ಲೆಂಡಿನ ದೊರೆಯ ಭಾರತೀಯ ಹಡಗು ಎಂದು.

ಹಡಗು ಎಷ್ಟು ದೊಡ್ಡದು ಎಂದು ಮಕ್ಕಳು ಕೇಳಬಹುದು. ಉದ್ದ ಸುಮಾರು 91 ಮೀಟರ್. ನಮ್ಮ ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂಥ ಏಳು ಅಂಕಣಗಳನ್ನು ಸಾಲಾಗಿ ಇಟ್ಟರೆ ಹಡಗಿನ ಉದ್ದ ಸಿಕ್ಕುತ್ತದೆ. ಅಗಲ ಅಂಕಣದ 10 ಮೀಟರಿಗಿಂತ ತುಸು ಹೆಚ್ಚು. ತೂಕ ಸುಮಾರು 1,350 ಟನ್. ಒಂದು ಲಾರಿಗೆ 15 ಟನ್ ಕಬ್ಬು ಎಂದು ಲೆಕ್ಕ ಹಾಕಿದರೆ 90 ಲಾರಿ ಕಬ್ಬಿನ ತೂಕ. ಹಬೆಯ ಟರ್ಬೈನುಗಳಿಂದ ಓಡುತ್ತಿದ್ದ ಅದರ ವೇಗ ಸುಮಾರು 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್. ನಮ್ಮ ಕೆಂಪು ಬಸ್ಸು ಇದಕ್ಕಿಂತ ಬೇಗ ಓಡುತ್ತದೆ. ಆದರೆ ಬಸ್ಸು ರಾತ್ರಿ ಡಿಪೋಗೆ ಮರಳಬೇಕು. ಈ ಹಡಗು ಗಂಟೆಗೆ 22 ಕಿಲೋಮೀಟರಿನಂತೆ ಹದವಾಗಿ ಓಡಿದರೆ ಮತ್ತೆ ಎಣ್ಣೆ ತುಂಬಿಸಿಕೊಳ್ಳದೆ 13,000 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದಾಗಿತ್ತು. ಈ ವರ್ಗದ ಹಡಗಿನಲ್ಲಿ ಇರುತ್ತಿದ್ದವರು ಸುಮಾರು 190 ಜನ.

ಆಗ ಇದನ್ನು ಸ್ಲೂಪ್ ಎನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ ಈ ಬಗೆಯ ಹಡಗುಗಳನ್ನು ಫ್ರಿಗೇಟ್ ವರ್ಗಕ್ಕೆ ಸೇರಿಸಿದರು. ಅದಕ್ಕೆ ಕಾವೇರಿಯನ್ನು ಮುಂದೆಲ್ಲ ಫ್ರಿಗೇಟ್ ಎಂದೇ ಕರೆಯುತ್ತೇನೆ. 1796ರಲ್ಲಿ ಟಿಪ್ಪು ಕಟ್ಟಿಸಬೇಕೆಂದಿದ್ದದ್ದು 20 ಫ್ರಿಗೇಟುಗಳನ್ನು. ಅವನನ್ನು ಸೋಲಿಸಿದವರು ಒಂದೂವರೆ ಶತಮಾನದ ಬಳಿಕ ಒಂದು ಫ್ರಿಗೇಟ್ ಕಟ್ಟಿ, ಅವನ ಕೋಟೆಯನ್ನು ಸುತ್ತಿ ಹರಿಯುವ ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟರು. ಚರಿತ್ರೆಯಲ್ಲಿ ಇಂಥ ಹೊಂದಿಕೆಗಳು ಯಾರೂ ಉದ್ದೇಶಿಸದೆ ಬರುತ್ತವೆ.

ಕಾವಲಿನ ಕೆಲಸ

ಈ ವರ್ಗದ ಹಡಗುಗಳ ಮುಖ್ಯ ಕೆಲಸ ಕಾವಲು. ಯುದ್ಧಕಾಲದಲ್ಲಿ ಸರಕಿನ ಹಡಗುಗಳು, ಸೈನಿಕರ ಹಡಗುಗಳು ಒಂಟಿಯಾಗಿ ಹೋಗುತ್ತಿರಲಿಲ್ಲ. ಗುಂಪುಗಟ್ಟಿಕೊಂಡು ಹೋಗುತ್ತಿದ್ದವು. ಹಿಂದೆ ನಮ್ಮ ಕಡೆ ಸಂತೆಗೆ ಹೋಗುವ ಗಾಡಿಗಳು ಕಳ್ಳರ ಭಯಕ್ಕೆ ಸಾಲಾಗಿ ಹೊರಡುತ್ತಿದ್ದ ಹಾಗೆ. ಕಡಲಿನಲ್ಲಿ ಕಳ್ಳ ಎಂದರೆ ನೀರಿನಡಿ ಅಡಗಿರುವ ಸಬ್‌ಮರೀನು. ಕಾವಲು ಹಡಗು ನೀರಿನೊಳಕ್ಕೆ ಶಬ್ದದ ಅಲೆ ಕಳಿಸಿ, ಅದು ಬಡಿದು ಮರಳುವ ಸದ್ದಿನಿಂದ ಶತ್ರು ಎಲ್ಲಿದೆ ಎಂದು ತಿಳಿಯುತ್ತಿತ್ತು. ಆಮೇಲೆ ಪೀಪಾಯಿಯಂಥ ಬಾಂಬುಗಳನ್ನು ನೀರಿಗೆ ಉರುಳಿಸುತ್ತಿತ್ತು. ಗೊತ್ತುಪಡಿಸಿದ ಆಳಕ್ಕೆ ಹೋದಾಗ ಅವು ಸಿಡಿಯುತ್ತಿದ್ದವು. ಇದಲ್ಲದೆ ಎರಡೆರಡು ನಳಿಗೆಯ ಮೂರು ಜೋಡಿ 4 ಇಂಚಿನ ತೋಪುಗಳು ವಿಮಾನಗಳನ್ನೂ ಹಡಗುಗಳನ್ನೂ ಹೊಡೆಯುವುದಕ್ಕೆ ಇದ್ದವು.

ಜಪಾನ್ ಬರ್ಮಾವನ್ನು ಹಿಡಿದಿತ್ತು. ಜಪಾನಿನ ಮತ್ತು ಜರ್ಮನಿಯ ಸಬ್‌ಮರೀನುಗಳು ಹಿಂದೂ ಮಹಾಸಾಗರದಲ್ಲಿ ತಿರುಗುತ್ತಿದ್ದವು. ಕಾವೇರಿ ಪೂರ್ವದ ನೌಕಾಬಲದ ಜೊತೆಗಿದ್ದು ಈ ಕಾವಲಿನ ಕೆಲಸ ಮಾಡಿತು. ಆ ಕೆಲಸ ಎಂಥದು ಎಂಬುದಕ್ಕೆ ಅದರ ಒಡಹುಟ್ಟಿದ ಹಡಗುಗಳ ಎರಡು ಪ್ರಸಂಗ ಸಾಕು. 1944ರ ಫೆಬ್ರವರಿ 11ರಂದು ವಿಶಾಖಪಟ್ಟಣದ ಆಚೆಯ ಕಡಲಿನಲ್ಲಿ ಜಮುನಾ ಹಡಗು ಎರಡು ಆಸ್ಟ್ರೇಲಿಯಾದ ಹಡಗುಗಳ ಜೊತೆಗೂಡಿ ಜಪಾನಿನ ಸಬ್‌ಮರೀನೊಂದನ್ನು ಮುಳುಗಿಸಿತು. ಅದೇ ವರ್ಷ ಆಗಸ್ಟ್ 12ರಂದು ಗೋದಾವರಿ ಸೇಶೆಲ್ಸ್ ದ್ವೀಪಗಳ ಹತ್ತಿರ ಜರ್ಮನಿಯ ಸಬ್‌ಮರೀನೊಂದನ್ನು ಮುಳುಗಿಸುವುದರಲ್ಲಿ ಭಾಗಿಯಾಯಿತು. ಇಂಥ ದಿನಗಳು ಅಪರೂಪ. ಮಿಕ್ಕ ದಿನಗಳಲ್ಲಿ ಕಾವಲು ಹಡಗಿನ ಗೆಲುವು ಎಂದರೆ ಏನೂ ಆಗದಿರುವುದು. ತಾನು ಕಾದ ಹಡಗುಗಳೆಲ್ಲ ದಡ ಸೇರಿದರೆ ಕೆಲಸ ಆಯಿತು. ಅದಕ್ಕೆ ಪತ್ರಿಕೆಯಲ್ಲಿ ಸುದ್ದಿಯಿಲ್ಲ, ಪದಕವಿಲ್ಲ. ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟುವ ರೈತನಿಗೆ ಈ ಬಗೆಯ ಕೆಲಸ ಏನೆಂದು ಗೊತ್ತು.

ಆದರೆ ಈ ಕಾವಲು ಯಾರಿಗಾಗಿ? ಈ ಪ್ರಶ್ನೆ ನಾವಿಕರ ಮನಸ್ಸಿನಲ್ಲೂ ಇತ್ತು. ಹಡಗಿನಲ್ಲಿ ಬೆವರು ಸುರಿಸುವವರು ಭಾರತೀಯರು, ಆಜ್ಞೆ ಮಾಡುವವರು ಬಹುಮಟ್ಟಿಗೆ ಬಿಳಿಯರು. ಕೆಟ್ಟ ಊಟ, ಅವಮಾನದ ಮಾತು, ಕಡಿಮೆ ಸಂಬಳ ಎಲ್ಲವೂ ಸೇರಿ 1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ಎಂಬ ನೌಕಾ ಶಿಕ್ಷಣ ಕೇಂದ್ರದಲ್ಲಿ ನಾವಿಕರು ಮುಷ್ಕರ ಹೂಡಿದರು. ಅದು ಕರಾಚಿಯವರೆಗೂ ಹಬ್ಬಿತು. ಸುಮಾರು 78 ಹಡಗುಗಳು, 20,000 ನಾವಿಕರು ಅದರಲ್ಲಿ ಸೇರಿದರು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಸರ್ದಾರ್ ಪಟೇಲರ ಸಲಹೆಯಂತೆ ಫೆಬ್ರವರಿ 23ರಂದು ಅವರು ಮುಷ್ಕರ ನಿಲ್ಲಿಸಿದರು. ಆದರೆ ಭಾರತೀಯ ಸೈನಿಕರನ್ನು ನಂಬಿ ಇನ್ನು ಈ ದೇಶವನ್ನು ಆಳಲಾಗದು ಎಂಬುದು ಆ ಐದು ದಿನಗಳಲ್ಲಿ ದೊರೆಗಳಿಗೆ ಮನವರಿಕೆಯಾಯಿತು.

ಮನೆ ಹಂಚಿಕೆ

1947ರಲ್ಲಿ ದೇಶ ಇಬ್ಭಾಗವಾದಾಗ ಸೈನ್ಯವೂ ಹಂಚಿಕೆಯಾಯಿತು, ಹಡಗುಗಳೂ ಹಂಚಿಕೆಯಾದವು. ಆರು ನದಿ ಹಡಗುಗಳಲ್ಲಿ ನಾಲ್ಕು ಭಾರತಕ್ಕೆ, ಎರಡು ಪಾಕಿಸ್ತಾನಕ್ಕೆ. ಅಣ್ಣತಮ್ಮಂದಿರು ಪಾಲಾಗುವಾಗ ಎಮ್ಮೆ ಒಬ್ಬನಿಗೆ, ಕೊಟ್ಟಿಗೆ ಇನ್ನೊಬ್ಬನಿಗೆ ಹೋಗುವುದನ್ನು ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಇಲ್ಲೂ ಹಾಗೆಯೇ ಆಯಿತು. ಹುಟ್ಟಿನಿಂದ ಕಡಲು ಸೇರುವವರೆಗೆ ಪೂರ್ತಿ ಭಾರತದಲ್ಲೇ ಹರಿಯುವ ಗೋದಾವರಿ ಮತ್ತು ನರ್ಮದೆಯರ ಹೆಸರಿನ ಹಡಗುಗಳು ಪಾಕಿಸ್ತಾನಕ್ಕೆ ಹೋದವು. ಪಾಕಿಸ್ತಾನದೊಳಗೆ ಹರಿಯುವ ಸಟ್ಲೆಜಿನ ಹೆಸರಿನ ಹಡಗು ಭಾರತದಲ್ಲಿ ಉಳಿಯಿತು. ಪಾಕಿಸ್ತಾನದವರು ತಮ್ಮ ಪಾಲಿಗೆ ಬಂದವಕ್ಕೆ ಸಿಂಧ್, ಝೇಲಂ ಎಂದು ಹೊಸ ಹೆಸರಿಟ್ಟರು. ಮೂರು ವರ್ಷದ ಹಿಂದೆ ಒಂದೇ ಬಾವುಟದಡಿ ಕಾವಲು ಕಾದ ಹಡಗುಗಳು ಎದುರು ಬದುರು ದೇಶಗಳ ಪಾಲಾದವು. ಕಾವೇರಿ ಭಾರತದಲ್ಲೇ ಉಳಿಯಿತು.

ಸ್ವತಂತ್ರ ಭಾರತದ ಮೊದಲ ಕೆಲಸ ಅದಕ್ಕೆ ಬೇಗನೆ ಬಂತು. ಕಾಠಿಯಾವಾಡದ ಜುನಾಗಢದ ನವಾಬರು ತಮ್ಮ ಸಂಸ್ಥಾನವನ್ನು ಪಾಕಿಸ್ತಾನಕ್ಕೆ ಸೇರಿಸುವುದಾಗಿ ಘೋಷಿಸಿದ್ದರು. ಅಲ್ಲಿನ ಪ್ರಜೆಗಳಲ್ಲಿ ಬಹುಪಾಲು ಜನರಿಗೆ ಅದು ಒಪ್ಪಿಗೆಯಿರಲಿಲ್ಲ. 1947ರ ಅಕ್ಟೋಬರಿನಲ್ಲಿ ಭಾರತದ ನೌಕಾಬಲ ಆ ಕರಾವಳಿಯ ಪೋರಬಂದರಿನಲ್ಲಿ ಸೈನ್ಯವನ್ನು ಇಳಿಸಿತು. ಕಿಸ್ತ್ನಾ, ಜಮುನಾ ಹಡಗುಗಳ ಜೊತೆ ಕಾವೇರಿಯೂ ಆ ತಂಡದಲ್ಲಿತ್ತು. ನವೆಂಬರ್ 9ರಂದು ಜುನಾಗಢದ ಆಡಳಿತ ಭಾರತದ ಕೈಗೆ ಬಂತು. ಮರುವರ್ಷ ಫೆಬ್ರವರಿಯಲ್ಲಿ ಜನಮತ ಪಡೆದು ಅದನ್ನು ಭಾರತದಲ್ಲಿ ವಿಲೀನಗೊಳಿಸಲಾಯಿತು. ಗಾಂಧೀಜಿ ಹುಟ್ಟಿದ ಪೋರಬಂದರಿಗೆ ಸ್ವತಂತ್ರ ಭಾರತದ ಸೈನಿಕರು ಕಡಲ ಮೂಲಕ ಬಂದಿಳಿದಾಗ ನಮ್ಮ ಹೊಳೆಯ ಹೆಸರಿನ ಹಡಗು ಅಲ್ಲಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

1950ರ ಜನವರಿ 26ರಂದು ದೇಶ ಗಣರಾಜ್ಯವಾಯಿತು. ನೌಕಾಪಡೆಯ ಹೆಸರಿನಿಂದ 'ರಾಯಲ್' ಎಂಬ ಮಾತು ಹೋಯಿತು. ದೊರೆಯ ಹಡಗು ದೇಶದ ಹಡಗಾಯಿತು, ಎಚ್.ಎಂ.ಐ.ಎಸ್. ಹೋಗಿ ಐ.ಎನ್.ಎಸ್. ಬಂತು. ಸಟ್ಲೆಜ್ ಮತ್ತು ಜಮುನಾ ಮುಂದೆ ಕಡಲಿನ ಆಳ ಅಳೆದು ನಕ್ಷೆ ಮಾಡುವ ಕೆಲಸಕ್ಕೆ ವರ್ಗವಾದವು. ಕಾವೇರಿ ಫ್ರಿಗೇಟಾಗಿಯೇ ಮುಂದುವರಿಯಿತು. ಆದರೂ ನೌಕಾಪಡೆಯ ಮುಖ್ಯಸ್ಥರಾಗಿ ಬ್ರಿಟಿಷರೇ ಇನ್ನೂ ಎಂಟು ವರ್ಷ ಇದ್ದರು. 1958ರ ಏಪ್ರಿಲ್ 22ರಂದು ಆರ್.ಡಿ. ಕಟಾರಿ ಅವರು ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರಾದರು. ಸ್ವಾತಂತ್ರ್ಯ ಒಂದೇ ರಾತ್ರಿಯಲ್ಲಿ ಪೂರ್ತಿಯಾಗಿ ಬರಲಿಲ್ಲ, ಒಂದೊಂದು ಅಕ್ಷರವಾಗಿ, ಒಂದೊಂದು ಹುದ್ದೆಯಾಗಿ ಬಂತು ಎಂಬುದಕ್ಕೆ ಈ ಹಡಗಿನ ಸೇವಾ ಪುಸ್ತಕವೇ ಸಾಕ್ಷಿ.

ಮರ್ಮಗೋವಾದ ಮಧ್ಯಾಹ್ನ

ಕಾವೇರಿಯ ಸೇವೆಯಲ್ಲಿ ನಮ್ಮ ನಾಡಿಗೆ ತೀರ ಹತ್ತಿರವಾದ ಅಧ್ಯಾಯ 1961ರ ಡಿಸೆಂಬರಿನದು. ಬ್ರಿಟಿಷರು ಹೋಗಿ 14 ವರ್ಷವಾಗಿದ್ದರೂ ಗೋವಾ, ದಮನ್, ದಿಯು ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದವು. ಅವರು ಗೋವಾವನ್ನು ಹಿಡಿದದ್ದು 1510ರಲ್ಲಿ. ಹಿಡಿದವನು ಅಫಾನ್ಸೋ ಡಿ ಅಲ್ಬುಕರ್ಕ್. ಅವನಿಗೆ ಆಗ ನೆರವಾದವರಲ್ಲಿ ಹೊನ್ನಾವರದ ತಿಮ್ಮಯ್ಯನೂ ಒಬ್ಬ. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವೂ ಪೋರ್ಚುಗೀಸರದೇ ಆಗಿತ್ತು. 1961ರ ನವೆಂಬರಿನಲ್ಲಿ ಆ ದ್ವೀಪದಿಂದ ಭಾರತದ ಪ್ರಯಾಣಿಕರ ಹಡಗೊಂದರ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿತು. ಮೀನುಗಾರನೊಬ್ಬ ಸತ್ತ. ಮಾತುಕತೆಯ ಹಾದಿ ಮುಚ್ಚಿತು.

ಡಿಸೆಂಬರ್ 18ರ ನಸುಕಿನಲ್ಲಿ 'ಆಪರೇಷನ್ ವಿಜಯ್' ಆರಂಭವಾಯಿತು. ಬೆಳಗಾವಿಯ ಸಾಂಬ್ರಾ ನೆಲೆಯಿಂದ ಹಾರಿದ ಹಂಟರ್ ವಿಮಾನಗಳು ಗೋವಾದ ಬಾಂಬೋಲಿಂ ರೇಡಿಯೋ ಕೇಂದ್ರವನ್ನು ಹೊಡೆದವು. ಅಂಜದೀವ್ ದ್ವೀಪಕ್ಕೆ ಐ.ಎನ್.ಎಸ್. ತ್ರಿಶೂಲ್ ಮತ್ತು ಐ.ಎನ್.ಎಸ್. ಮೈಸೂರು ಹೋದವು. ಮೈಸೂರು ಎಂಬ ಆ ದೊಡ್ಡ ಕ್ರೂಸರ್ 1957ರ ಆಗಸ್ಟ್ 29ರಂದು ಭಾರತದ ಸೇವೆಗೆ ಸೇರಿತ್ತು, ಅಂದರೆ ಮೈಸೂರು ರಾಜ್ಯಕ್ಕೆ ಕಡಲು ಮರಳಿ ಬಂದು ಹತ್ತು ತಿಂಗಳಾಗುವುದರೊಳಗೆ. ಅಂಜದೀವ್‌ನಲ್ಲಿ ಇಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಪ್ರಾಣ ಕೊಟ್ಟರು. ದ್ವೀಪ ವಶವಾಯಿತು.

ಗೋವಾದ ಮುಖ್ಯ ಬಂದರು ಮರ್ಮಗೋವಾದ ಹೊರಗೆ ಬೆಳಗ್ಗೆ 9 ಗಂಟೆಗೆ ಮೂರು ಭಾರತೀಯ ಫ್ರಿಗೇಟುಗಳು ಬಂದು ನಿಂತವು: ಬೆಟ್ವಾ, ಬಿಯಾಸ್ ಮತ್ತು ಕಾವೇರಿ. ಮೂರೂ ನದಿಗಳ ಹೆಸರೇ. ಬೆಟ್ವಾ, ಬಿಯಾಸ್ ಎರಡೂ ಸೇವೆಗೆ ಸೇರಿ ಎರಡು ವರ್ಷವೂ ಆಗಿರದ ಹೊಸ ಹಡಗುಗಳು. ಕಾವೇರಿಗೆ ಆಗ 18 ವರ್ಷದ ಸೇವೆ. ಬಂದರಿನೊಳಗೆ ಪೋರ್ಚುಗೀಸರ ಒಂದೇ ಒಂದು ದೊಡ್ಡ ಯುದ್ಧನೌಕೆ ಇತ್ತು. ಅದರ ಹೆಸರು ಅಫಾನ್ಸೋ ಡಿ ಅಲ್ಬುಕರ್ಕ್. 451 ವರ್ಷದ ಹಿಂದೆ ಗೋವಾವನ್ನು ಹಿಡಿದವನದೇ ಹೆಸರು.

ಮಧ್ಯಾಹ್ನ 12 ಗಂಟೆಗೆ ಅಪ್ಪಣೆ ಬಂತು. ಬೆಟ್ವಾ ಮುಂದಾಗಿ, ಬಿಯಾಸ್ ಜೊತೆಗೂಡಿ ಗುಂಡು ಹಾರಿಸುತ್ತ, ನಡುನಡುವೆ ಶರಣಾಗುವಂತೆ ಸಂದೇಶ ಕಳಿಸುತ್ತ ಬಂದರಿನತ್ತ ನುಗ್ಗಿದವು. ಕಾವೇರಿ ಆ ತಂಡದ ಮೂರನೆಯ ಹಡಗು. ಅಲ್ಬುಕರ್ಕ್ ಲಂಗರು ಎತ್ತಿ ತಿರುಗಿ ಗುಂಡು ಹಾರಿಸಿತು. ಅದು 1934ರ ಹಳೆಯ ಹಡಗು. ಅದೂ ಬ್ರಿಟನ್ನಿನಲ್ಲೇ ಕಟ್ಟಿದ್ದು. ಅರ್ಧ ಗಂಟೆ ಕಾಳಗ ನಡೆಯಿತು. ಅದರ ರೇಡಿಯೋ ಅಧಿಕಾರಿ ಸತ್ತ, ಕಪ್ತಾನ ಅರಗಾಂವ್ ಬಲವಾಗಿ ಗಾಯಗೊಂಡ. ಕೊನೆಗೆ ಆ ಹಡಗು ತಿರುಗಿ ಬಾಂಬೋಲಿಂ ದಡಕ್ಕೆ ಬಂದು ಮರಳಿನಲ್ಲಿ ಹೂತುಕೊಂಡಿತು. ಎದುರಾಳಿಗೆ ಬಲ ಕಡಿಮೆಯಿತ್ತು, ಆದರೂ ಅವರು ಹೇಡಿಗಳಂತೆ ನಡೆದುಕೊಳ್ಳಲಿಲ್ಲ. ಗೆದ್ದವರ ಚರಿತ್ರೆ ಬರೆಯುವಾಗಲೂ ಇದನ್ನು ಹೇಳಬೇಕು. ಮರುದಿನ ಡಿಸೆಂಬರ್ 19ರ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೋ ಇ ಸಿಲ್ವ ಶರಣಾಗತಿಗೆ ಸಹಿ ಹಾಕಿದ. ಭಾರತದ ನೆಲದ ಮೇಲಿನ ಯೂರೋಪಿಯನರ ಆಳ್ವಿಕೆ ಅಂದಿಗೆ ಮುಗಿಯಿತು.

ಆ ಆಳ್ವಿಕೆ ಕಡಲ ಹಾದಿಯಿಂದ ಬಂದಿತ್ತು. ಅದನ್ನು ಕಡಲಿನಲ್ಲೇ ತಡೆಯಬೇಕೆಂಬ ಹುಕುಂ ನಮ್ಮ ಪಟ್ಟಣದಿಂದ ಹೊರಟು ಫಲಿಸದೆ ಹೋಗಿತ್ತು. ಕೊನೆಗೆ ಅದು ಕಡಲ ಬಾಗಿಲಿನಿಂದ ಹೊರಹೋದ ದಿನ ಆ ಬಾಗಿಲಲ್ಲಿ ನಿಂತಿದ್ದ ಮೂರು ಹಡಗುಗಳಲ್ಲಿ ಒಂದರ ಹೆಸರು ಕಾವೇರಿ. ಈ ಲೇಖನವನ್ನು ನಾನು ಬರೆಯಲು ಇದೇ ಮುಖ್ಯ ಕಾರಣ.

ಕಾಗುಣಿತ ತಿದ್ದಿದ್ದು, ನಿವೃತ್ತಿಯಾದದ್ದು

1968ರಲ್ಲಿ ಸೇವಾ ಪುಸ್ತಕದಲ್ಲಿ ಒಂದು ಸಣ್ಣ ತಿದ್ದುಪಡಿಯಾಯಿತು. ಬ್ರಿಟಿಷರ ಕಾಗುಣಿತ ಬಿಟ್ಟು ಹಡಗಿನ ಹೆಸರನ್ನು ನಾವು ಕರೆಯುವ ಹಾಗೆಯೇ 'ಕಾವೇರಿ' ಎಂದು ಬರೆಯಲಾಯಿತು. ಕಿಸ್ತ್ನಾ ಕೂಡ ಕೃಷ್ಣಾ ಆಯಿತು. ಉಕ್ಕು ಅದೇ, ತೋಪು ಅದೇ, ಹಡಗು ಅದೇ. ಆದರೆ ಹಾಜರಿ ಕರೆಯುವಾಗ ಹೆಸರನ್ನು ತಪ್ಪಾಗಿ ಕೂಗಿಸಿಕೊಳ್ಳುತ್ತಿದ್ದ ಮಗುವಿಗೆ ಒಂದು ದಿನ ಮೇಷ್ಟರು ಸರಿಯಾಗಿ ಕೂಗಿದರೆ ಏನನ್ನಿಸುತ್ತದೆ ಎಂದು ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಐದು ವರ್ಷದ ನಂತರ, 1973ರ ನವೆಂಬರ್ 1ರಂದು, ನಮ್ಮ ರಾಜ್ಯವೂ ಕರ್ನಾಟಕ ಎಂಬ ತನ್ನ ಹೆಸರನ್ನು ಪಡೆಯಿತು.

ಅಷ್ಟರಲ್ಲಿ ಕಡಲಿನ ಯುದ್ಧದ ರೀತಿ ಬದಲಾಗಿತ್ತು. 1971ರ ಡಿಸೆಂಬರ್ 4ರ ರಾತ್ರಿ ಭಾರತದ ಚಿಕ್ಕ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿ ಬಂದವು. ಡಿಸೆಂಬರ್ 9ರಂದು ನಮ್ಮ ಖುಕ್ರಿ ಎಂಬ ಫ್ರಿಗೇಟನ್ನು ಪಾಕಿಸ್ತಾನದ ಸಬ್‌ಮರೀನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರೊಂದಿಗೆ 18 ಅಧಿಕಾರಿಗಳು, 176 ನಾವಿಕರು ಜಲಸಮಾಧಿಯಾದರು. 4 ಇಂಚಿನ ತೋಪು ಹೊತ್ತ, ಹಬೆಯ ಎಂಜಿನಿನ ಹಳೆಯ ಹಡಗುಗಳ ಕಾಲ ಮುಗಿದಿತ್ತು. 1972ರ ಜೂನ್ 3ರಂದು ಭಾರತದಲ್ಲೇ ಕಟ್ಟಿದ ಮೊದಲ ಆಧುನಿಕ ಫ್ರಿಗೇಟ್ ನೀಲಗಿರಿ, ಮುಂಬಯಿಯ ಮಜಗಾಂವ್ ಕಟ್ಟೆಯಿಂದ ಸೇವೆಗೆ ಬಂತು. ಗ್ಲಾಸ್ಗೋದಲ್ಲಿ ಹುಟ್ಟಿದ ಕಾವೇರಿಗೆ ಇನ್ನು ವಿಶ್ರಾಂತಿ.

1970ರ ದಶಕದ ಕೊನೆಯ ಭಾಗದಲ್ಲಿ, ಅಂದರೆ ನಮ್ಮ ಶಾಲೆ ಬಾಗಿಲು ತೆರೆದ ದಶಕದಲ್ಲೇ, ಕಾವೇರಿ ಸೇವೆಯಿಂದ ನಿವೃತ್ತವಾಯಿತು. ಯುದ್ಧನೌಕೆ ನಿವೃತ್ತವಾಗುವ ದಿನ ಹೊತ್ತು ಮುಳುಗುವಾಗ ಅದರ ಬಾವುಟವನ್ನು ಕೊನೆಯ ಬಾರಿಗೆ ಇಳಿಸುತ್ತಾರೆ. ನಾವಿಕರು ವಂದನೆ ಸಲ್ಲಿಸಿ ಇಳಿದು ಹೋಗುತ್ತಾರೆ. ಆಮೇಲೆ ಹಡಗನ್ನು ಒಡೆಯುವವರಿಗೆ ಮಾರುತ್ತಾರೆ. ಕಾವೇರಿಗೂ ಅದೇ ಗತಿಯಾಯಿತು. ಗುಜರಿಗೆ ಹೋದ ಉಕ್ಕು ಮತ್ತೆ ಕರಗಿ ಮತ್ತೇನೋ ಆಗುತ್ತದೆ. ಕಾರವಾರದ ಟಾಗೋರ್ ಕಡಲತೀರಕ್ಕೆ ಶಾಲಾ ಪ್ರವಾಸ ಹೋದ ಮಕ್ಕಳು ನಿವೃತ್ತವಾದ ಐ.ಎನ್.ಎಸ್. ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ಕಾಣಬಹುದು, ಹತ್ತಿ ಇಳಿಯಬಹುದು. ಕಾವೇರಿಗೆ ಆ ಭಾಗ್ಯ ಬರಲಿಲ್ಲ.

ಹೆಸರು ಮರಳಲಿ

ನೌಕಾಪಡೆಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಹಳೆಯ ಹಡಗು ಹೋದರೂ ಅದರ ಹೆಸರನ್ನು ಹೊಸ ಹಡಗಿಗೆ ಇಡುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಂತೆಯೇ ಇದು. 1983ರಲ್ಲಿ ಭಾರತವೇ ರೂಪಿಸಿ ಕಟ್ಟಿದ ಫ್ರಿಗೇಟಿಗೆ ಗೋದಾವರಿ ಎಂದು ಹೆಸರಾಯಿತು. 1990ರ ದಶಕದಲ್ಲಿ ಜಮುನಾ, ಸಟ್ಲೆಜ್ ಎಂಬ ಹೆಸರುಗಳು ಸರ್ವೇಕ್ಷಣಾ ನೌಕೆಗಳಿಗೆ ಮರಳಿದವು. ಕೃಷ್ಣಾ ಎಂಬುದು ತರಬೇತಿ ನೌಕೆಯೊಂದಕ್ಕೆ ಬಂತು. 1985ರಲ್ಲಿ ನಿವೃತ್ತವಾದ ಮೈಸೂರು 1999ರಲ್ಲಿ ಹೊಸ ಯುದ್ಧನೌಕೆಯಾಗಿ ಮರಳಿತು. ಮರ್ಮಗೋವಾದ ಮುಂದೆ ನಿಂತ ಬೆಟ್ವಾ 2004ರಲ್ಲಿ, ಬಿಯಾಸ್ 2005ರಲ್ಲಿ ಹೊಸ ಫ್ರಿಗೇಟುಗಳಾಗಿ ಮರಳಿದವು. ಅಂದು ಅವುಗಳ ಜೊತೆಗಿದ್ದ ಕಾವೇರಿಯ ಹೆಸರಿನ ಯುದ್ಧನೌಕೆ ಮಾತ್ರ ಮತ್ತೆ ಬಂದಿಲ್ಲ.

ಇಂದು ಕಾವೇರಿ ಎಂದರೆ ದೇಶದ ಪತ್ರಿಕೆಗಳಿಗೆ ನೀರಿನ ವ್ಯಾಜ್ಯ. ಬೇಸಿಗೆಯಲ್ಲಿ ಕನ್ನಂಬಾಡಿಯ ಮಟ್ಟ ಎಷ್ಟು ಅಡಿ ಎಂದು ನಾವೂ ದಿನಾ ಕೇಳುತ್ತೇವೆ. ಕೇಳಲೇಬೇಕು, ನಮ್ಮ ಭತ್ತ ಕಬ್ಬಿನ ಬದುಕು ಅದರ ಮೇಲಿದೆ. ಆದರೆ ಅದೇ ಹೆಸರಿನಡಿ ಬೇರೆ ಬೇರೆ ಭಾಷೆಯ, ಬೇರೆ ಬೇರೆ ಪ್ರಾಂತ್ಯದ ಜನ ಒಂದೇ ಹಡಗಿನಲ್ಲಿ ಉಂಡು ಮಲಗಿ ದೇಶ ಕಾದ ಕಾಲವೂ ಒಂದಿತ್ತು. ಆ ಕಾಲದ ನೆನಪು ಉಳಿಯಬೇಕು.

ಆದ್ದರಿಂದ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಮೂರು ಕೋರಿಕೆಗಳನ್ನು ಮುಂದಿಡುತ್ತೇನೆ. ಒಂದು, ನಮ್ಮ ಶಾಲೆಯ ಸಮಾಜ ವಿಜ್ಞಾನದ ಕೊಠಡಿಯಲ್ಲಿ ಐ.ಎನ್.ಎಸ್. ಕಾವೇರಿಯ ಚಿತ್ರವೂ ಅದರ ಸೇವೆಯ ಮುಖ್ಯ ದಿನಾಂಕಗಳೂ ಇರುವ ಒಂದು ಫಲಕ ಹಾಕೋಣ. ಎರಡು, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಿಂದ ಭೂಸೇನೆ, ನೌಕಾಪಡೆ, ವಾಯುಪಡೆಗೆ ಹೋಗಿ ನಿವೃತ್ತರಾಗಿ ಬಂದವರನ್ನು ವರ್ಷಕ್ಕೊಮ್ಮೆ ಶಾಲೆಗೆ ಕರೆದು, ಅವರ ಅನುಭವಗಳನ್ನು ಮಕ್ಕಳಿಂದಲೇ ಬರೆಸಿ ಇಡೋಣ. ಅವರ ಸೇವಾ ಪುಸ್ತಕ ಅವರ ಟ್ರಂಕಿನಲ್ಲೇ ಗೆದ್ದಲು ಹಿಡಿಯಬಾರದು. ಮೂರು, ಹಳೆಯ ವಿದ್ಯಾರ್ಥಿಗಳು, ಉಪಾಧ್ಯಾಯರು, ಗ್ರಾಮಸ್ಥರು ಸೇರಿ ರಕ್ಷಣಾ ಸಚಿವಾಲಯಕ್ಕೆ ಒಂದು ಅರ್ಜಿ ಬರೆಯೋಣ. ಮುಂದೆ ಕಟ್ಟುವ ಯುದ್ಧನೌಕೆಗಳಲ್ಲಿ ಒಂದಕ್ಕೆ ಕಾವೇರಿ ಎಂದು ಮತ್ತೆ ಹೆಸರಿಡಿ ಎಂದು ಕೇಳೋಣ. ಕೇಳುವುದಕ್ಕೆ ಈ ಹೊಳೆಯ ದಂಡೆಯ ಒಂದು ಸರ್ಕಾರಿ ಪ್ರೌಢಶಾಲೆಗಿಂತ ಹೆಚ್ಚಿನ ಹಕ್ಕು ಬೇರೆ ಯಾರಿಗಿದೆ?

ಒಂದು ವೇಳೆ ಆ ಹೆಸರು ಮರಳಿದರೆ, ಆ ಹಡಗು ನೀರಿಗಿಳಿಯುವ ದಿನ ಅದರ ಮೇಲೆ ಸಮವಸ್ತ್ರ ತೊಟ್ಟು ನಿಲ್ಲುವವರಲ್ಲಿ ನಮ್ಮ ಶಾಲೆಯಲ್ಲಿ ಓದಿದ ಹುಡುಗನೋ ಹುಡುಗಿಯೋ ಇರಲಿ ಎಂದು ಹಾರೈಸುತ್ತೇನೆ. ನಮ್ಮ ಶಾಲೆ ನೂರು ವರ್ಷ ತುಂಬುವಾಗ ತರುವ ಸಂಚಿಕೆಗೆ ಮುಂದಿನ ಅಧ್ಯಾಯವನ್ನು ಅವರು ಬರೆಯಲಿ.